ಬೀಗದ ಬೀರುವಿನೊಳಗಿನ ವಿಮರ್ಶೆ

ಕನ್ನಡದಲ್ಲಿ ದಲಿತ ಕಾವ್ಯ ಇದೆ, ಕತೆ ಇದೆ, ಆತ್ಮಕತೆಯೂ ಇದೆ, ಆದರೆ ದಲಿತ ವಿಮರ್ಶೆ ಎಲ್ಲಿದೆ ಸ್ವಾಮಿ ಎಂದು ವಿಚಾರ ಸಂಕಿರಣಗಳಲ್ಲಿ ಕೇಳುವ ಒಂದು ರೂಢಿ ಬೆಳೆದಿದೆ. ಕೇಳುವವರು ಸಾಮಾನ್ಯವಾಗಿ ಊಟವಾದ ಮೇಲಿನ ಗೋಷ್ಠಿಯ ಅಧ್ಯಕ್ಷರು. ಉತ್ತರಕ್ಕೆ ಅವರು ಕಾಯುವುದಿಲ್ಲ, ಬಸ್ಸಿಗೆ ಹೊತ್ತಾಗಿರುತ್ತದೆ. ನನ್ನ ಹತ್ತಿರ ಒಂದು ಉತ್ತರ ಇದೆ. ಅದು ತಾತ್ವಿಕವಾದ ಉತ್ತರವೇನಲ್ಲ, ಬರೀ ಒಂದು ವಿಳಾಸ: ವಿಶ್ವವಿದ್ಯಾಲಯದ ಗ್ರಂಥಾಲಯ, ಮೂರನೆಯ ಮಹಡಿ, ಎಡಗಡೆಯ ಕೊನೆ, ಬೀಗ ಹಾಕಿದ ಏಳು ಕಬ್ಬಿಣದ ಬೀರುಗಳು.

ಎಪ್ಪತ್ತರ ದಶಕದ ಕೊನೆಯಿಂದ ಹಾಸ್ಟೆಲುಗಳಲ್ಲಿ ಉಂಡು ಓದಿದ ನಮ್ಮ ತಲೆಮಾರುಗಳು ವಿಮರ್ಶೆಯನ್ನು ಬರೆದದ್ದು ಬಹುಮಟ್ಟಿಗೆ ಪಿಎಚ್.ಡಿ. ಮಹಾಪ್ರಬಂಧಗಳಾಗಿ. ಯಾಕೆಂದರೆ ಪತ್ರಿಕೆಗಳ ಸಂಪಾದಕರು ನಮಗೆ ಪರಿಚಯವಿರಲಿಲ್ಲ, ಪ್ರಕಾಶಕರು ಅದಕ್ಕಿಂತ ದೂರ. ಫೆಲೋಶಿಪ್ಪಿನ ದುಡ್ಡಿತ್ತು, ಅದಕ್ಕೆ ಒಂದು ಗಡುವಿತ್ತು, ಗಡುವಿನೊಳಗೆ ಬರೆಯಲೇಬೇಕಿತ್ತು. ಹೀಗೆ ಬರೆದದ್ದರಲ್ಲಿ ಕೆಲವು ಪುಸ್ತಕವಾದವು. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಮಾಡಿದ ಸಂಶೋಧನೆ ಪುಸ್ತಕವಾಗಿ ಎಲ್ಲರ ಕೈಗೂ ಬಂತು. ಆದರೆ ಅವರು ಆ ಹೊತ್ತಿಗಾಗಲೇ ನಾಡಿಗೆ ಗೊತ್ತಿದ್ದ ಕವಿ. ಹೆಸರಿಲ್ಲದವರ ಪ್ರಬಂಧಗಳು ಕ್ಯಾಲಿಕೋ ಬೈಂಡು, ಬಂಗಾರದ ಅಕ್ಷರ ಹೊತ್ತು ಬೀರುವಿಗೆ ಹೋದವು. ಅದನ್ನು ಓದಬೇಕಾದರೆ ನಿಮ್ಮ ಗೈಡಿನ ಪತ್ರ ಬೇಕು, ಆ ಪತ್ರದ ಮೇಲೆ ವಿಭಾಗದ ಮುಖ್ಯಸ್ಥರ ಸಹಿ ಬೇಕು, ಗ್ರಂಥಪಾಲಕರು ರಜದ ಮೇಲೆ ಇರಬಾರದು. ಊರ ಬಾವಿಯಿಂದ ನೀರು ಹಾಕಿಸಿಕೊಂಡ ಅನುಭವವಿದ್ದವರಿಗೆ ಈ ವ್ಯವಸ್ಥೆ ಹೊಸದಾಗಿ ಕಾಣುವುದಿಲ್ಲ.

ಈ ಪ್ರಬಂಧಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿ ಕನ್ನಡ ವಿಭಾಗದ ಪ್ರತಿನಿಧಿಯಾಗಿ ನಾಲ್ಕು ವರ್ಷ ಕೂತಿದ್ದೇನೆ. ಸ್ಕ್ಯಾನ್ ಮಾಡೋದರಲ್ಲಿ ವಿಮರ್ಶೆಯ ಮಾತೇನು ಬಂತು ಎಂದು ಈ ವಿಶೇಷ ಸಂಚಿಕೆಯ ಓದುಗರು ಕೇಳಬಹುದು. ಮೊದಲ ಸಭೆಯಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಯಂತ್ರ ಬರುತ್ತದೆ, ಹುಡುಗರು ಹಾಳೆ ತಿರುವುತ್ತಾರೆ, ಮುಗೀತು. ಆಮೇಲೆ ಗೊತ್ತಾದದ್ದೇನೆಂದರೆ, ಯಾವ ಪ್ರತಿಯನ್ನು ಹುಡುಕಬೇಕು, ಯಾವ ಅಕ್ಷರವನ್ನು ಅಕ್ಷರ ಅನ್ನಬೇಕು, ಯಾವ ಹೆಸರಿನಡಿ ಇಡಬೇಕು, ಯಾರ ಒಪ್ಪಿಗೆ ಕೇಳಬೇಕು ಎಂಬ ಒಂದೊಂದು ತೀರ್ಮಾನವೂ ವಿಮರ್ಶೆಯ ತೀರ್ಮಾನವೇ. ಮತ್ತು ಇವುಗಳಲ್ಲಿ ಒಂದನ್ನೂ ಒಂದೇ ವಿಭಾಗ ಒಂಟಿಯಾಗಿ ತೆಗೆದುಕೊಳ್ಳಲಾರದು. ಅದನ್ನೇ ಇಲ್ಲಿ ವಿವರಿಸಲು ಹೊರಟಿದ್ದೇನೆ.

ಅದಕ್ಕೆ ಮುಂಚೆ ಒಂದು ಮಾತು. ಬಾಬಾಸಾಹೇಬರು ಕೂಡಾ ಮೊದಲಿಗೆ ಪ್ರಬಂಧ ಬರೆದ ವಿದ್ಯಾರ್ಥಿಯೇ. 1915ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ.ಗಾಗಿ ಅವರು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಬರೆದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬರೆದ ರೂಪಾಯಿ ಸಮಸ್ಯೆಯ ಪ್ರಬಂಧ 1923ರಲ್ಲೇ ಪುಸ್ತಕವಾಯಿತು. ಪ್ರಾಂತೀಯ ಹಣಕಾಸಿನ ಪ್ರಬಂಧ 1925ರಲ್ಲಿ ಅಚ್ಚಾಯಿತು, ಮಹಾಡಿನ ಕೆರೆಯ ನೀರು ಮುಟ್ಟಿದ 1927ರಲ್ಲೇ ಕೊಲಂಬಿಯಾ ಅದಕ್ಕೆ ಪಿಎಚ್.ಡಿ. ಕೊಟ್ಟಿತು. ಆ ಮೊದಲ ಎಂ.ಎ. ಪ್ರಬಂಧ ಮಾತ್ರ ಮಹಾರಾಷ್ಟ್ರ ಸರ್ಕಾರ ತಂದ ಬರಹಗಳ ಆರನೆಯ ಸಂಪುಟದಲ್ಲಿ, 1989ರಲ್ಲಿ ಸೇರಿ ಬಂತು. 74 ವರ್ಷ. ಬರೆದವರು ಅಂಬೇಡ್ಕರ್ ಆಗಿದ್ದರಿಂದ ಹುಡುಕುವವರು ಇದ್ದರು. ಹಾಸನದ್ದೋ ಬೀದರಿನದ್ದೋ ಒಬ್ಬ ಹುಡುಗ ಬರೆದದ್ದನ್ನು ಯಾರು ಹುಡುಕುತ್ತಾರೆ?

ಸರ್ಕಾರದ ಕಡೆಯಿಂದ ಇದಕ್ಕೊಂದು ದಾರಿ ತೆರೆದದ್ದು ಯುಜಿಸಿಯ 2009ರ ನಿಯಮ. ಪಿಎಚ್.ಡಿ. ಪ್ರಬಂಧದ ಮೌಲ್ಯಮಾಪನ ಮುಗಿದ ಮೂವತ್ತು ದಿನಗಳೊಳಗೆ ಅದರ ಸಾಫ್ಟ್ ಕಾಪಿ ಕೊಡಬೇಕು, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ಎಲ್ಲರಿಗೂ ತೆರೆದಿಡಬೇಕು ಎಂದಾಯಿತು. 2016ರ ನಿಯಮ ಇದನ್ನು ಇನ್ನೂ ಬಿಗಿ ಮಾಡಿ, ಪದವಿ ಕೊಡುವ ಮುಂಚೆಯೇ ಪ್ರತಿ ಸಲ್ಲಿಸಬೇಕು ಅಂದಿತು. ಆ ಭಂಡಾರದ ಹೆಸರು ಶೋಧಗಂಗಾ. ಇವತ್ತು ಅದರಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಹೆಸರಿಗೂ ಗಂಗೆಯೇ ಬೇಕಾಯಿತು ನೋಡಿ. ಇರ್ಲಿ, ಚೌದಾರ್ ಕೆರೆಯ ನೀರೂ ಅದರೊಳಗೆ ಹರಿದರೆ ನನಗೆ ತಕರಾರಿಲ್ಲ. ತೊಂದರೆ ಏನೆಂದರೆ, ನಿಯಮ ಕಡ್ಡಾಯ ಮಾಡಿದ್ದು ಹೊಸ ಪ್ರಬಂಧಗಳಿಗೆ. ಹಳೆಯವನ್ನು ಸ್ಕ್ಯಾನ್ ಮಾಡಿಸೋದು ಆಯಾ ವಿಶ್ವವಿದ್ಯಾಲಯದ ಮನಸ್ಸಿಗೆ, ಮತ್ತು ಅಲ್ಲಿಯ ವಿಭಾಗಗಳು ಒಬ್ಬರ ಮುಖ ಒಬ್ಬರು ನೋಡುತ್ತವೋ ಇಲ್ಲವೋ ಎಂಬುದಕ್ಕೆ ಬಿಟ್ಟದ್ದು.

ನಮ್ಮಲ್ಲಿ ನೋಡುತ್ತಿರಲಿಲ್ಲ. ಮೊದಲ ಸಭೆಯಲ್ಲಿ ಗ್ರಂಥಾಲಯದವರು ಪ್ರತಿ ನಮ್ಮದು ಅಂದರು, ಗಣಕ ವಿಜ್ಞಾನದವರು ಸರ್ವರ್ ನಮ್ಮದು ಅಂದರು, ಪರೀಕ್ಷಾ ವಿಭಾಗದವರು ಪ್ರಬಂಧ ಅನ್ನುವುದೇ ಗೌಪ್ಯ ದಾಖಲೆ ಅಂದರು. ಕನ್ನಡ ವಿಭಾಗದವನಾದ ನಾನು ವಿಷಯ ನಮ್ಮದು ಅಂದೆ. ಚಹಾ ಬಂತು, ಸಭೆ ಮುಗಿಯಿತು. ಎರಡನೆಯ ಸಭೆಗೆ ಪರೀಕ್ಷಾ ವಿಭಾಗದವರು ಬರಲೇ ಇಲ್ಲ.

ಒಂದು ಪ್ರಬಂಧದ ನೆಪದಲ್ಲಿ ಇದು ಬದಲಾಯಿತು. ಮಂಡ್ಯ ಸೀಮೆಯಿಂದ ಬಂದ, ಹಾಸ್ಟೆಲಿನಲ್ಲಿ ನಮಗೆಲ್ಲ ಅಣ್ಣನಂತಿದ್ದ ಒಬ್ಬರು ಎಂಬತ್ತರ ದಶಕದ ಕೊನೆಯಲ್ಲಿ ದಲಿತ ಕಾವ್ಯದಲ್ಲಿನ ಕೇರಿಯ ನುಡಿಯ ಮೇಲೆ ಬರೆದಿದ್ದರು. ಆಗಿನ್ನೂ ದಲಿತ ಕಾವ್ಯದ ಭಾಷೆ ಎಂದರೆ ಬೈಗುಳ, ಆಕ್ರೋಶ, ಘೋಷಣೆ ಎನ್ನುತ್ತಿದ್ದ ಕಾಲ. ಕುಸುಮಬಾಲೆ 1984ರಲ್ಲಿ ಬಂದಾಗ ಇದು ಯಾವ ಕನ್ನಡ ಎಂದು ಕೇಳಿದವರಿದ್ದರು, 1990ರಲ್ಲಿ ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಅವರೇ ಅದರ ಲಯದ ಬಗ್ಗೆ ಮಾತಾಡಿದರು. ನಮ್ಮ ಅಣ್ಣ ಅದಕ್ಕೂ ಮೊದಲೇ ತಮ್ಮ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಸಣ್ಣ ಸಂಗತಿಯನ್ನು ಹಿಡಿದಿದ್ದರು: ಕೇರಿಯ ನುಡಿಗೆ ತನ್ನದೇ ವ್ಯಾಕರಣ ಇದೆ, ಅದನ್ನು ಶಿಷ್ಟ ಕನ್ನಡದ ಕೆಟ್ಟುಹೋದ ರೂಪ ಎಂದು ಓದಿದರೆ ಕವಿತೆಯ ಅರ್ಧ ಅರ್ಥ ಬಿದ್ದುಹೋಗುತ್ತದೆ ಎಂದು. ಅವರು ಕಾಲೇಜು ಮೇಷ್ಟ್ರಾದರು, ಪುಸ್ತಕ ಮಾಡಲಿಲ್ಲ, ನಿವೃತ್ತಿಗೆ ಮುಂಚೆಯೇ ತೀರಿಕೊಂಡರು. ಆ ಅಧ್ಯಾಯವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಓದಿದ್ದೆ. ಇಪ್ಪತ್ತು ವರ್ಷ ಪಾಠ ಹೇಳುವಾಗ ಅದನ್ನೇ ಹೇಳಿದ್ದೇನೆ, ಎಲ್ಲಿಂದ ಬಂತೆಂದು ತೋರಿಸಲು ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ.

ಆ ಕಾಲದ ಪ್ರಬಂಧವನ್ನು ಟೈಪಿಸ್ಟ್ ಬೆರಳಚ್ಚು ಮಾಡುತ್ತಿದ್ದುದು ಕಾರ್ಬನ್ ಹಾಳೆ ಇಟ್ಟು, ಒಂದೇ ಏಟಿಗೆ ನಾಲ್ಕೈದು ಪ್ರತಿ. ಮೇಲಿನ ಕಪ್ಪು ಪ್ರತಿ ಪರೀಕ್ಷೆಗೆ, ನಡುವಿನವು ಗ್ರಂಥಾಲಯಕ್ಕೆ, ವಿಭಾಗಕ್ಕೆ, ಗೈಡಿಗೆ. ಎಲ್ಲಕ್ಕಿಂತ ಮಸುಕಾದದ್ದು ಬರೆದವನಿಗೆ. ಅಣ್ಣನ ಪ್ರಬಂಧದ ಗ್ರಂಥಾಲಯದ ಪ್ರತಿ ತೆಗೆದು ನೋಡಿದರೆ ನಾಲ್ಕನೆಯ ಅಧ್ಯಾಯದ ಜಾಗದಲ್ಲಿ ಬ್ಲೇಡಿನಿಂದ ನೀಟಾಗಿ ಕೊಯ್ದ ಗುರುತು. ಯಾರೋ ಒಬ್ಬ ಸಂಶೋಧಕನಿಗೆ ಬಹಳ ಉಪಯೋಗಕ್ಕೆ ಬಂದಿರಬೇಕು. ವಿಭಾಗದ ಪ್ರತಿಯನ್ನು ಗೆದ್ದಲು ಓದಿ ಮುಗಿಸಿತ್ತು. ಉಳಿದದ್ದು ಪರೀಕ್ಷಾ ವಿಭಾಗದ ದಾಸ್ತಾನು ಕೋಣೆ. ಅಲ್ಲಿ ಪ್ರಬಂಧವನ್ನು ಪರೀಕ್ಷಕರ ವರದಿಗಳ ಜತೆ ಸೇರಿಸಿ ದಾರ ಕಟ್ಟಿ ಇಡುತ್ತಾರೆ, ಇಂತಿಷ್ಟು ವರ್ಷವಾದ ಮೇಲೆ ವಿಲೇವಾರಿ ಮಾಡಬಹುದು ಎಂಬ ನಿಯಮವಿದೆ. ಆ ವರ್ಷದ ಕಟ್ಟುಗಳು ವಿಲೇವಾರಿಯ ಪಟ್ಟಿಗೆ ಸೇರಿಯೂ ಆಗಿತ್ತು.

ನಾವು ಪತ್ರ ಬರೆದೆವು. ಗೌಪ್ಯ ಎಂದು ಉತ್ತರ ಬಂತು. ಮತ್ತೆ ಬರೆದೆವು. ಕೊನೆಗೆ ಅಲ್ಲಿನ ಸೂಪರಿಂಟೆಂಡೆಂಟ್ ಹೆಣ್ಣುಮಗಳೊಬ್ಬರು ಫೈಲು ಓದಿ ಒಂದು ಮಾತು ಹೇಳಿದರು: ‘ಸಾರ್, ಗೌಪ್ಯ ಇರೋದು ವರದಿ. ಪ್ರಬಂಧ ಅಲ್ಲ. ದಾರ ಒಂದೇ ಆದ್ರೆ ನಿಯಮ ಒಂದೇ ಆಗುತ್ತಾ?’ ಎಷ್ಟೋ ವರ್ಷಗಳಿಂದ ಯಾರಿಗೂ ಹೊಳೆಯದ ಮಾತು ಇದು. ವರದಿಗಳನ್ನು ಬಿಡಿಸಿ, ಬೇರೆ ಲಕೋಟೆಯಲ್ಲಿ ಮೊಹರು ಮಾಡಿ, ಪ್ರಬಂಧವನ್ನು ಮಾತ್ರ ಗ್ರಂಥಾಲಯಕ್ಕೆ ಎರವಲು ಕೊಡುವುದು ಎಂದು ಅವರೇ ಒಂದು ಟಿಪ್ಪಣಿ ಬರೆದರು, ಅದಕ್ಕೆ ಸಹಿ ಬಿತ್ತು. ಕಟ್ಟನ್ನು ಹುಡುಕಿ ಕೊಟ್ಟವರು ಮಾತ್ರ ಅಟೆಂಡರ್ ಅಣ್ಣ. ಪಟ್ಟಿ ನೋಡದೆ ಬೈಂಡಿನ ಬಣ್ಣದ ಮೇಲೆ ವರ್ಷ ಹೇಳುವ ಮನುಷ್ಯ. ‘ಆ ವರ್ಸ ಬೈಂಡ್ರು ಬದಲಾಗಿದ್ರು ಸಾರ್, ಎಲ್ಲಾ ಇಟ್ಟಿಗೆ ಬಣ್ಣ’ ಅಂದರು. ಇಟ್ಟಿಗೆ ಬಣ್ಣದಲ್ಲೇ ಸಿಕ್ಕಿತು, ನಾಲ್ಕನೆಯ ಅಧ್ಯಾಯ ಸಮೇತ. ಮೇಲಿನ ಪ್ರತಿ, ಅಕ್ಷರ ಕಪ್ಪಗೆ.

ಅದು ಸಿಕ್ಕಿದ ಮೇಲೆ ಬೇರೆ ಪ್ರಬಂಧಗಳಿಗೂ ಇದೇ ಪದ್ಧತಿಯಾಯಿತು. ಒಂದು ಪ್ರಬಂಧ ಎಂದರೆ ಒಂದು ಪ್ರತಿಯಲ್ಲ, ಮೂರು ಕಡೆ ಚದುರಿದ ಒಂದು ಸಂಸಾರ. ಮೂರನ್ನೂ ಮೇಜಿನ ಮೇಲೆ ಇಟ್ಟು, ಪುಟ ಪುಟ ನೋಡಿ, ಒಳ್ಳೆಯ ಪುಟ ಯಾವುದರಲ್ಲಿದೆಯೋ ಅದನ್ನು ಆರಿಸೋದು. ಹಸ್ತಪ್ರತಿ ಸಂಪಾದನೆಯಲ್ಲಿ ಪಂಪ ರನ್ನರಿಗೆ ಮಾಡುವ ಕೆಲಸವನ್ನೇ ನಮ್ಮವರ ಟೈಪು ಪ್ರತಿಗೂ ಮಾಡಿದೆವು. ಯಾಕೆ ಮಾಡಬಾರದು?

ಇನ್ನು ಸ್ಕ್ಯಾನಿನ ಮಾತು. 300 ಡಿಪಿಐ ಇದ್ದರೆ ಅಚ್ಚಾದ ಹಾಳೆಗೆ ಸಾಕು ಅನ್ನುತ್ತಾರೆ. ಫೈಲು ಚಿಕ್ಕದಾಗಲಿ ಎಂದು ಮೊದಲು ಬರೀ ಕಪ್ಪು ಬಿಳುಪಿನಲ್ಲಿ ಹಿಡಿದೆವು. ಅದರಲ್ಲಿ ಯಂತ್ರ ಪ್ರತಿಯೊಂದು ಚುಕ್ಕೆಯನ್ನೂ ಕಪ್ಪೋ ಬಿಳುಪೋ ಎಂದು ತೀರ್ಮಾನ ಮಾಡುತ್ತದೆ, ನಡುವೆ ಏನೂ ಇಲ್ಲ. ಕಾರ್ಬನ್ ಪ್ರತಿಯ ಮಸುಕು ಅಕ್ಷರಗಳು ಹೀಗೆ ಬಿಳುಪಿನ ಕಡೆಗೆ ಹೋಗಿಬಿಟ್ಟವು. ಮೊದಲು ಹೋಗುವುದು ಸೊನ್ನೆ, ಆಮೇಲೆ ಒತ್ತಕ್ಷರ. ಬೂದು ಛಾಯೆಗಳನ್ನೂ ಉಳಿಸಿಕೊಳ್ಳುವ ಬಗೆಯಲ್ಲಿ ಮತ್ತೆ ಎಲ್ಲವನ್ನೂ ಹಿಡಿಯಬೇಕಾಯಿತು. ಫೈಲು ದಪ್ಪವಾಯಿತು, ಸರ್ವರಿನವರು ಗೊಣಗಿದರು. ಬೈಂಡು ಬಿಚ್ಚುವುದೋ ಬೇಡವೋ ಎಂಬುದಕ್ಕೇ ಎರಡು ಸಭೆ ಹಿಡಿಯಿತು, ಅದನ್ನು ಇಲ್ಲಿ ಹೇಳೋದು ಬೇಡ.

ಸ್ಕ್ಯಾನ್ ಮಾಡಿದ್ದು ಬರೀ ಚಿತ್ರ. ಅದರಲ್ಲಿ ಪದ ಹುಡುಕಬೇಕಾದರೆ ಚಿತ್ರವನ್ನು ಓದಿ ಅಕ್ಷರ ಮಾಡುವ ಓಸಿಆರ್ ಎಂಬ ತಂತ್ರಾಂಶ ಬೇಕು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಒಳ್ಳೆಯ ಅಚ್ಚನ್ನು ಚೆನ್ನಾಗಿ ಓದುತ್ತದೆ, ಹಳೆಯ ಟೈಪನ್ನು ತಡವರಿಸುತ್ತ ಓದುತ್ತದೆ. ಅದಕ್ಕೆ ‘ಪ’ಕ್ಕೂ ‘ಷ’ಕ್ಕೂ, ‘ಮ’ಕ್ಕೂ ‘ವು’ಗೂ, ‘ದ’ಕ್ಕೂ ‘ಧ’ಕ್ಕೂ ಗೊಂದಲ. ಇದನ್ನು ತಿದ್ದಲು ಗಣಕ ವಿಜ್ಞಾನದ ಮೇಷ್ಟ್ರು ಒಂದು ಉಪಾಯ ಮಾಡಿದರು. ದೊಡ್ಡದೊಂದು ಪದಪಟ್ಟಿ ಕೊಟ್ಟು, ಪಟ್ಟಿಯಲ್ಲಿಲ್ಲದ ಪದ ಬಂದರೆ ಹತ್ತಿರದ ಪದಕ್ಕೆ ತಾನಾಗಿ ತಿದ್ದಿಕೊಳ್ಳುವ ಹಾಗೆ. ವಾಣಿಜ್ಯ ವಿಭಾಗದ ಕನ್ನಡ ಪ್ರಬಂಧಗಳ ಮೇಲೆ ಪ್ರಯೋಗ ಮಾಡಿದರು, ಬಹಳ ಚೆನ್ನಾಗಿ ಬಂತು. ಆಮೇಲೆ ಅಣ್ಣನ ಪ್ರಬಂಧಕ್ಕೆ ಹಾಕಿದರು.

ನಾಲ್ಕನೆಯ ಅಧ್ಯಾಯ ತೆರೆದು ನೋಡಿದವನಿಗೆ ನನಗೆ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಏನೋ ಆಯಿತು. ಕೇರಿಯ ನುಡಿಯಲ್ಲಿ ‘ಹ’ಕಾರ ಬೀಳುತ್ತದೆ. ಹಟ್ಟಿ ಅಟ್ಟಿಯಾಗುತ್ತದೆ, ಹೊಲ ಒಲವಾಗುತ್ತದೆ, ಹೆಗಲು ಎಗ್ಲು. ಯಂತ್ರ ಇವನ್ನೆಲ್ಲ ಗುರುತು ಹಿಡಿದು, ಪಟ್ಟಿಯಲ್ಲಿಲ್ಲದ್ದಕ್ಕೆಲ್ಲ ‘ಹ’ ಹಚ್ಚಿ ಶುದ್ಧಮಾಡಿ ಇಟ್ಟಿತ್ತು. ಕೆಲವನ್ನು ಮಾತ್ರ ಮುಟ್ಟಿರಲಿಲ್ಲ, ಯಾಕೆಂದರೆ ಆ ರೂಪಗಳು ಶಿಷ್ಟ ಪಟ್ಟಿಯಲ್ಲೂ ಇದ್ದವು, ಬೇರೆ ಅರ್ಥದಲ್ಲಿ. ಹಾಡು ಆಡಾದರೆ ಅದು ಮೇಕೆ. ಹಿಟ್ಟು ಇಟ್ಟಾದರೆ ಅದು ಇಡುವ ಕ್ರಿಯೆ. ಹಸು ಅಸುವಾದರೆ ಅದು ಪ್ರಾಣ. ಅಣ್ಣನ ವಾದ ನಿಂತಿದ್ದೇ ಇಲ್ಲಿ. ಕೇರಿಯ ಕವಿ ಅಸು ಹೋಯಿತು ಎಂದಾಗ ದನ ಹೋಯಿತೋ ಜೀವ ಹೋಯಿತೋ ಎಂದು ಬಿಡಿಸಿ ಹೇಳಬಾರದು, ಅವನಿಗೆ ಎರಡೂ ಒಂದೇ ದಿನ ಹೋಗಿರುತ್ತವೆ ಎಂಬುದು ಅವರ ಓದು. ಯಂತ್ರ ಒಂದು ಸಾಲಿನಲ್ಲಿ ತಿದ್ದಿ, ಇನ್ನೊಂದರಲ್ಲಿ ಬಿಟ್ಟು, ಮೂವತ್ತು ಪುಟಗಳ ವಾದವನ್ನು ಅರ್ಥವಿಲ್ಲದ್ದು ಮಾಡಿತ್ತು.

ನಾನು ಸಿಟ್ಟಿನಲ್ಲೇ ಗಣಕ ವಿಭಾಗಕ್ಕೆ ಹೋದೆ. ನಮ್ಮ ಭಾಷೆ ತಿದ್ದೋಕೆ ಮೇಷ್ಟ್ರು ಸಾಲದು ಅಂತ ಈಗ ಮಿಷನ್ನು ಬೇರೆ ಇಟ್ಟಿದ್ದೀರಾ ಅಂದೆ. ಆ ಮನುಷ್ಯ ಕೋಪ ಮಾಡಿಕೊಳ್ಳಲಿಲ್ಲ. ‘ತಪ್ಪು ಯಾವುದು, ನುಡಿ ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು? ನೀವು ಕೂತ್ಕೊಳ್ಳಿ’ ಅಂದರು. ನ್ಯಾಯವಾದ ಮಾತು. ಕೂತೆ. ಕೊನೆಗೆ ಒಪ್ಪಿಕೊಂಡದ್ದು ಹೀಗೆ. ಪಿಡಿಎಫ್‌ನಲ್ಲಿ ಓದುಗನ ಕಣ್ಣಿಗೆ ಕಾಣುವುದು ಹಾಳೆಯ ಚಿತ್ರವೇ ಇರಬೇಕು, ಓಸಿಆರ್ ಪಠ್ಯ ಅದರ ಬೆನ್ನಿಗೆ ಕಾಣದಂತೆ ಇರಬೇಕು, ಹುಡುಕಾಟಕ್ಕೆ ಮಾತ್ರ. ಪದಪಟ್ಟಿಯ ತಿದ್ದುಪಡಿ ಕನ್ನಡ, ಜಾನಪದ, ಸಮಾಜಶಾಸ್ತ್ರದ ಪ್ರಬಂಧಗಳಿಗೆ ಬೇಡ. ಅವನ್ನು ನಮ್ಮ ಎಂ.ಎ. ಹುಡುಗರು ಜೋಡಿ ಕೂತು ನೋಡಬೇಕು, ಒಬ್ಬರು ಹಾಳೆ ನೋಡಿ ಗಟ್ಟಿಯಾಗಿ ಓದೋದು, ಇನ್ನೊಬ್ಬರು ತೆರೆಯಲ್ಲಿ ನೋಡೋದು. ಗಟ್ಟಿಯಾಗಿ ಓದಿದಾಗ ಒಂದು ವಿಷಯ ಆಯಿತು. ನಾಗಮಂಗಲದ ಕಡೆಯ ಒಬ್ಬ ಹುಡುಗ ತರಗತಿಯಲ್ಲಿ ಬಾಯಿ ಬಿಡದವನು, ಆ ಅಧ್ಯಾಯವನ್ನು ತಡೆಯಿಲ್ಲದೆ ಓದಿದ. ಟೈಪಿಸ್ಟ್ ಆಗಲೇ ಅಲ್ಲಲ್ಲಿ ‘ಹ’ ಸೇರಿಸಿ ತಿದ್ದಿರುವುದನ್ನು ಪತ್ತೆ ಹಚ್ಚಿದವನೂ ಅವನೇ. ಅಣ್ಣ ಶಾಯಿಯಲ್ಲಿ ಅದನ್ನು ಹೊಡೆದು ಹಾಕಿದ್ದರು, ಪುಟಕ್ಕೆ ಮೂರು ನಾಲ್ಕು ಕಡೆ. ಕಪ್ಪು ಬಿಳುಪಿನ ಮೊದಲ ಸ್ಕ್ಯಾನಿನಲ್ಲಿ ಆ ತೆಳು ಶಾಯಿಯೇ ಕಾಣುತ್ತಿರಲಿಲ್ಲ.

2000ದ ನಂತರದ ಪ್ರಬಂಧಗಳಿಗೆ ಈ ಕಷ್ಟ ಇರಲಾರದು, ಅವು ಕಂಪ್ಯೂಟರಿನಲ್ಲೇ ಟೈಪಾದವು ಎಂದು ಅಂದುಕೊಂಡಿದ್ದೆವು. ಅದಕ್ಕೆ ಬೇರೆ ಕಷ್ಟ. ನುಡಿ, ಬರಹ, ಶ್ರೀಲಿಪಿ ಮುಂತಾದ ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ತೆರೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಅರ್ಥವಿಲ್ಲದ ರೋಮನ್ ಗುರುತುಗಳು. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ, ತನ್ನದೇ ಮನೆ ಇದೆ. ಆದ್ದರಿಂದ ಹಳೆಯ ಫಾಂಟಿನ ಪ್ರಬಂಧವನ್ನು ಹಾಗೇ ಏರಿಸಿದರೆ ‘ಕೇರಿ’ ಎಂದು ಹುಡುಕಿದವನಿಗೆ ಒಂದೂ ಸಿಗುವುದಿಲ್ಲ. ಇದನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ. ನಮ್ಮ ಮೊದಲ ಪ್ರಯತ್ನದಲ್ಲಿ ಅರ್ಕಾವೊತ್ತು ಕೈಕೊಟ್ಟಿತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹೀಗಾಗಿ ವರ್ಣ, ಧರ್ಮ, ಕರ್ಮ ಮೂರೂ ಒಡೆದು ಚೂರಾಗಿ ಬಂದವು. ನಾವು ಸಾವಿರ ಭಾಷಣ ಮಾಡಿ ಮಾಡಲಾಗದ್ದನ್ನು ಯಂತ್ರ ಒಂದೇ ಏಟಿಗೆ ಮಾಡಿತಲ್ಲ ಎಂದು ನಕ್ಕೆವು. ಆದರೆ ಸರಿಪಡಿಸಲೇಬೇಕಿತ್ತು, ಅವುಗಳ ವಿರುದ್ಧ ಬರೆದದ್ದೂ ಅವುಗಳ ಜತೆಗೇ ಒಡೆದಿತ್ತು.

ಈ ಫಾಂಟಿನ ವಿಷಯಕ್ಕೆ ಇನ್ನೊಂದು ಮುಖ ಇದೆ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮ ತಂದಿತು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ ಹೋದಂತೆ ಶಿಕ್ಷೆ ಏರುತ್ತದೆ. ಅದನ್ನು ಅಳೆಯುವ ತಂತ್ರಾಂಶ ಈಗ ಎಲ್ಲ ಕಡೆ ಇದೆ. ಅದು ಹೋಲಿಸುವುದು ತನ್ನ ಮುಂದೆ ಪಠ್ಯವಾಗಿ ಇರುವುದನ್ನು ಮಾತ್ರ. ಬೀರುವಿನಲ್ಲಿರುವ ಪ್ರಬಂಧದಿಂದ ಕದ್ದರೆ ಹೋಲಿಕೆ ಸೊನ್ನೆ, ನುಡಿ ಫಾಂಟಿನ ಪ್ರಬಂಧದಿಂದ ಕದ್ದರೂ ಸೊನ್ನೆ. ಆನ್‌ಲೈನಿಗೆ ಹಾಕಿದರೆ ಕದಿಯುತ್ತಾರೆ ಎಂದು ನಮ್ಮ ಅನೇಕ ಗೆಳೆಯರು ಹೆದರುತ್ತಾರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಅವರ ಹೆದರಿಕೆ ಸುಳ್ಳಲ್ಲ. ಆದರೆ ಆ ಬ್ಲೇಡು ಆಡಿದ್ದು ಬೀಗದೊಳಗೇ ಅಲ್ಲವೇ? ತೆರೆದಿಟ್ಟದ್ದಕ್ಕೆ ದಿನಾಂಕ ಇರುತ್ತದೆ, ಹೆಸರು ಇರುತ್ತದೆ, ಕದ್ದರೆ ತೋರಿಸಬಹುದು. ಮುಚ್ಚಿಟ್ಟದ್ದನ್ನು ಕದ್ದವನೇ ಮೊದಲಿಗನಾಗುತ್ತಾನೆ.

ಗ್ರಂಥಾಲಯದವರ ಜತೆ ನನ್ನ ದೊಡ್ಡ ಜಗಳ ನಡೆದದ್ದು ಇದ್ಯಾವುದಕ್ಕೂ ಅಲ್ಲ, ವಿಷಯ ಶೀರ್ಷಿಕೆಗೆ. ಪ್ರಬಂಧ ಏರಿಸುವಾಗ ಶೀರ್ಷಿಕೆ, ಸಂಶೋಧಕ, ಮಾರ್ಗದರ್ಶಕ, ವಿಭಾಗ, ವರ್ಷ, ವಿಷಯಪದಗಳು ಎಂಬ ಖಾನೆಗಳನ್ನು ತುಂಬಬೇಕು. ಹುಡುಕುವವನು ಬರುವುದು ಈ ಖಾನೆಗಳ ಬಾಗಿಲಿನಿಂದ. ಹಳೆಯ ಕಾರ್ಡುಗಳಲ್ಲಿ ಹೇಗಿತ್ತೋ ಹಾಗೇ ತುಂಬುತ್ತ ಹೋಗಿದ್ದರು. ನಾನು ಕೂತು ಪಟ್ಟಿ ನೋಡಿದೆ. ಕುವೆಂಪು ಮೇಲೆ, ಅಡಿಗರ ಮೇಲೆ ಬರೆದವರೆಲ್ಲ ‘ಸಾಹಿತ್ಯ ವಿಮರ್ಶೆ’. ದಲಿತ ಕಾವ್ಯದ ಮೇಲೆ ನಮ್ಮವರು ಬರೆದದ್ದು ‘ಸಮಾಜಶಾಸ್ತ್ರ – ಹಿಂದುಳಿದ ವರ್ಗಗಳು’. ಅಣ್ಣನ ಪ್ರಬಂಧ ‘ಜಾನಪದ – ಉಪಭಾಷೆ’. ಅವರು ಜಾನಪದದ ಒಂದು ಸಾಲನ್ನೂ ಬರೆದವರಲ್ಲ. ಯಾರೂ ಹಗೆಯಿಂದ ಮಾಡಿದ್ದಲ್ಲ ಇದು, ಕಾರ್ಡು ಬರೆದವರಿಗೆ ಇವರು ಬರೆದದ್ದು ಸಾಕ್ಷ್ಯ ಅನ್ನಿಸಿದೆ, ವಿಚಾರ ಅನ್ನಿಸಿಲ್ಲ. ಕೇರಿಯವನು ಹೇಳಿದರೆ ಅದು ಮಾಹಿತಿ, ಊರಿನವನು ಅದನ್ನು ಬಳಸಿ ಹೇಳಿದರೆ ವಿಮರ್ಶೆ. ದಲಿತ ವಿಮರ್ಶೆ ಎಲ್ಲಿದೆ ಎಂದು ಕೇಳುವ ಅಧ್ಯಕ್ಷರು ‘ವಿಮರ್ಶೆ’ ಎಂದು ಹುಡುಕಿದರೆ ಅವರಿಗೆ ನಿಜವಾಗಿಯೂ ಏನೂ ಸಿಗುತ್ತಿರಲಿಲ್ಲ.

ಇದಕ್ಕೆ ಜತೆಯಾಗಿ ರೋಮನ್ ಲಿಪಿಯ ಕಾಟ. ದಲಿತ ಎಂಬ ಒಂದೇ ಪದವನ್ನು ಮೂರು ನಾಲ್ಕು ಬಗೆಯ ಸ್ಪೆಲಿಂಗಿನಲ್ಲಿ ಬರೆದಿದ್ದರು, ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗದು. ಶೀರ್ಷಿಕೆ ಕನ್ನಡ ಲಿಪಿಯಲ್ಲೂ ಇರಬೇಕು, ರೋಮನ್ನಿನಲ್ಲಿ ಒಂದೇ ಬಗೆ ಇರಬೇಕು, ವಿಷಯಪದಗಳನ್ನು ಆಯಾ ವಿಭಾಗದ ಒಬ್ಬರು ಪ್ರಬಂಧವನ್ನು ಕನಿಷ್ಠ ತಿರುವಿ ನೋಡಿ ಕೊಡಬೇಕು ಎಂದು ನಿರ್ಣಯವಾಯಿತು. ನಮ್ಮ ಗ್ರಂಥಪಾಲಕರು ವಾದಕ್ಕೆ ಬಗ್ಗುವವರಲ್ಲ. ಅವರು ಒಪ್ಪಿದ್ದು ಆ ನಾಲ್ಕನೆಯ ಅಧ್ಯಾಯವನ್ನು ಒಂದು ಮಧ್ಯಾಹ್ನ ಕೂತು ಓದಿದ ಮೇಲೆ. ಓದಿ, ‘ಇದನ್ನ ಯಾಕ್ರೀ ಜಾನಪದ ಅಂದ್ರು?’ ಎಂದು ನನ್ನನ್ನೇ ಕೇಳಿದರು.

ಹಾಗಾದರೆ ಎಲ್ಲವನ್ನೂ ತೆರೆದಿಡುವುದೇ ನ್ಯಾಯವೇ? ನಾನು ಹಾಗೇ ನಂಬಿದ್ದೆ. ಪ್ರಬಂಧದ ಹಕ್ಕು ಬರೆದವರದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅವರು ತೀರಿಕೊಂಡ ಮೇಲೂ 60 ವರ್ಷ ಅದು ವಾರಸುದಾರರಲ್ಲಿ ಇರುತ್ತದೆ. ಆದ್ದರಿಂದ ಒಪ್ಪಿಗೆ ಪತ್ರ ಹಿಡಿದುಕೊಂಡು ಅಣ್ಣನ ಮನೆಗೆ ಹೋದೆ. ಅತ್ತಿಗೆ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

‘ಅದೇನೋ ಕಂಪ್ಯೂಟ್ರಿಗೆ ಆಕ್ತೀರಂತಲ್ಲ ಮೇಷ್ಟ್ರೆ. ಯಾರ್ ಬೇಕಾದ್ರೂ ನೋಡ್ಬೌದಾ?’

‘ನೋಡ್ಬೌದು ಅತ್ತಿಗೆ. ಅದಕ್ಕೇ ಆಕ್ತಿರೋದು.’

‘ನಮ್ಮೂರ ಯಜಮಾನ್ರ ಮೊಮ್ಮಕ್ಳೂವೆ?’

ಅವರೂ ನೋಡಬಹುದು ಅಂದೆ. ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. ಆಮೇಲೆ, ‘ಪುಸ್ತ್ಕ ಆಕಿ. ಅವ್ರು ಕಷ್ಟಪಟ್ಟು ಬರ್ದವ್ರೆ, ಓದ್ಲಿ ಜನ. ಇಂದ್ಗಡೆ ಪಟ್ಟಿ ಮಾತ್ರ ಬ್ಯಾಡ. ಅದ್ರಲ್ಲಿ ನಮ್ಮತ್ತೆ ಎಸ್ರಿದೆ, ಆ ಅಟ್ಟಿ ಎಣ್ಮಕ್ಳ ಎಸ್ರೆಲ್ಲಾ ಇದೆ. ಯಾರ್ ಮನೆ ಮೇಲೆ ಏನಂತ ಪದ ಕಟ್ಟಿದ್ರು ಅಂತ ಅವ್ರು ಬರ್ಕೊಂಡವ್ರೆ. ಅವ್ರ್ ಮಕ್ಳು ಇನ್ನೂ ಅದೇ ಊರಲ್ಲೇ ಕೂಲಿ ಮಾಡ್ತಾವ್ರೆ’ ಅಂದರು.

ಪ್ರಬಂಧದ ಕೊನೆಗೆ ವಕ್ತೃಗಳ ಪಟ್ಟಿ ಕೊಡುವುದು, ಹೆಸರು, ವಯಸ್ಸು, ಜಾತಿ, ಊರು ಎಂದು ಖಾನೆ ಹಾಕುವುದು ಸಂಶೋಧನೆಯ ಶಿಸ್ತು ಎಂದು ನಮಗೆ ಕಲಿಸಿದ್ದಾರೆ, ನಾನೂ ನೂರು ಹುಡುಗರಿಗೆ ಕಲಿಸಿದ್ದೇನೆ. ಬೀರುವಿನೊಳಗೆ ಇರುವ ತನಕ ಆ ಪಟ್ಟಿ ಯಾರಿಗೂ ಅಪಾಯ ಮಾಡಲಿಲ್ಲ. ಅದೇ ಪಟ್ಟಿ ಮೊಬೈಲಿನಲ್ಲಿ ಊರಿನ ಹೆಸರು ಹೊಡೆದರೆ ಸಿಗುವಂತಾದರೆ ಏನಾಗಬಹುದು ಎಂಬುದು ಡಾಕ್ಟರೇಟ್ ಮಾಡಿದ ನಮಗಾರಿಗೂ ಹೊಳೆದಿರಲಿಲ್ಲ. ಬೀಗವೆಲ್ಲ ಮೇಲುಜಾತಿಯ ಬೀಗವೇ ಎಂದು ತಿಳಿದಿದ್ದ ನನಗೆ, ಕೇರಿಯೂ ಕೆಲವು ಸಲ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಶೋಧಗಂಗಾದಲ್ಲಿ ಪ್ರಬಂಧವನ್ನು ಇಡಿಯಾಗಿ ಅಲ್ಲ, ಅಧ್ಯಾಯಕ್ಕೊಂದು ಫೈಲಿನಂತೆ ಏರಿಸುವ ಪದ್ಧತಿ ಇದೆ. ಇದು ಇಲ್ಲಿ ಉಪಕಾರಕ್ಕೆ ಬಂತು. ಅನುಬಂಧದ ಫೈಲನ್ನು ಬಿಟ್ಟು ಉಳಿದವನ್ನು ಏರಿಸಿದೆವು, ಅದರ ಜಾಗದಲ್ಲಿ ಕುಟುಂಬದ ಕೋರಿಕೆಯಂತೆ ಅನುಬಂಧವನ್ನು ಗ್ರಂಥಾಲಯದಲ್ಲಿ ಇರಿಸಲಾಗಿದೆ ಎಂಬ ಒಂದು ಸಾಲು. ಸಮಾಜಶಾಸ್ತ್ರದವರು ಇದನ್ನು ಕೇಳಿ ತಮ್ಮ ಪ್ರಬಂಧಗಳನ್ನು ಮತ್ತೆ ತೆರೆದು ನೋಡಿದರು. ಬಹಿಷ್ಕಾರದ ಮೇಲೆ, ದೇವದಾಸಿಯರ ಮೇಲೆ ಬರೆದವುಗಳಲ್ಲಿ ಹೆಸರು, ಊರು, ಫೋಟೋ ಎಲ್ಲವೂ ಇದ್ದವು. ಎರಡನ್ನು ಆಗಲೇ ಏರಿಸಿಯಾಗಿತ್ತು, ಪತ್ರ ಬರೆದು ಅನುಬಂಧಗಳನ್ನು ವಾಪಸು ತೆಗೆಸಿದರು. ಈಗ ಏರಿಸುವ ಮುಂಚೆ ಆಯಾ ವಿಭಾಗದವರು ಅನುಬಂಧ ನೋಡಿ ಸಹಿ ಹಾಕಬೇಕು. ಇದರಿಂದ ಕೆಲಸ ನಿಧಾನವಾಗಿದೆ, ಮೇಲಿನವರಿಗೆ ಬೇಕಾದ ಸಂಖ್ಯೆ ಬರುತ್ತಿಲ್ಲ ಎಂಬ ಆಕ್ಷೇಪ ಇದೆ.

ಮೇಲಿನವರಿಗೆ ಬೇಕಾದ ಆ ಸಂಖ್ಯೆ ಪಿಎಚ್.ಡಿ.ಗಳದ್ದು ಮಾತ್ರ. ನಮ್ಮ ಯೋಜನೆಯಲ್ಲಿ ಎಂ.ಫಿಲ್. ಪ್ರಬಂಧಗಳಿಗೆ ಜಾಗವೇ ಇಲ್ಲ. ಯುಜಿಸಿಯ 2022ರ ನಿಯಮದೊಂದಿಗೆ ಎಂ.ಫಿಲ್. ಎಂಬ ಪದವಿಯೇ ನಿಂತುಹೋಯಿತು, ಇನ್ನು ಅದನ್ನು ಕೇಳುವವರು ಯಾರು? ನಮ್ಮ ವಿಭಾಗದಲ್ಲಿ ನಾನು ಕಂಡ ಹಾಗೆ ಕೇರಿಯಿಂದ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ನಿಂತದ್ದು ಎಂ.ಫಿಲ್.ನಲ್ಲೇ. ಮದುವೆ ಬಂತು, ಕೆಲಸ ಸಿಕ್ಕಿತು, ಗೈಡು ಸಿಗಲಿಲ್ಲ. ದಲಿತ ಕತೆಗಳಲ್ಲಿ ಹೆಣ್ಣು ಎಲ್ಲಿ ನಿಲ್ಲುತ್ತಾಳೆ, ನಮ್ಮ ಗಂಡು ಕವಿಗಳು ಅವ್ವನನ್ನು ಹೊಗಳುತ್ತ ಹೆಂಡತಿಯನ್ನು ಹೇಗೆ ಮರೆಯುತ್ತಾರೆ ಎಂದು ಮೊದಲು ಕೇಳಿದ್ದು ಈ ಎಪ್ಪತ್ತೆಂಬತ್ತು ಪುಟಗಳ ಸಣ್ಣ ಪ್ರಬಂಧಗಳೇ. ದಲಿತ ವಿಮರ್ಶೆ ತನ್ನನ್ನು ತಾನೇ ವಿಮರ್ಶಿಸಿಕೊಂಡ ಜಾಗ ಅದು. ಅವುಗಳಿಗೆ ಮೂರು ಪ್ರತಿಯೂ ಇಲ್ಲ, ಒಂದೇ ಪ್ರತಿ, ವಿಭಾಗದಲ್ಲಿ.

ಅಟೆಂಡರ್ ಅಣ್ಣನನ್ನು ಕೇಳಿದೆ. ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ಅವನ್ನು ಗೋಣಿಚೀಲಕ್ಕೆ ತುಂಬಿ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಟ್ಟದ್ದು ಅವರಿಗೆ ನೆನಪಿದೆ. ಹನ್ನೊಂದು ಚೀಲ, ಅದರಲ್ಲಿ ಎರಡು ಒದ್ದೆ. ಆ ಕಟ್ಟಡ ಈಗ ಎಂಜಿನಿಯರಿಂಗ್ ವಿಭಾಗದ ಸುಪರ್ದಿಯಲ್ಲಿದೆ, ಬೀಗದಕೈ ಅವರ ಹತ್ತಿರ. ಮೂರು ಪತ್ರ ಬರೆದಿದ್ದೇವೆ. ನಾಲ್ಕನೆಯದನ್ನು ಪರೀಕ್ಷಾ ವಿಭಾಗದ ಆ ಸೂಪರಿಂಟೆಂಡೆಂಟ್ ಅವರ ಕೈಯಲ್ಲಿ ಬರೆಸಿ, ಗ್ರಂಥಪಾಲಕರ ಮತ್ತು ಗಣಕ ವಿಭಾಗದವರ ಸಹಿಯನ್ನೂ ಹಾಕಿಸಿ ಕೊಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಬಾಗಿಲು ತೆಗೆಸುತ್ತೇವೆ ಅಂದಿದ್ದಾರೆ.